ಮನೆ ಮುಂದಿನ ರಸ್ತೆ ಯಾರದ್ದು? ಮಾಲೀಕರಿಗೆ ಇರುವ ಹಕ್ಕು, ಇಲ್ಲದ ಹಕ್ಕು

ಹೈದರಾಬಾದ್: ನಾರಾಯಣಗೂಡದಂತಹ ಹಳೆಯ ಬಡಾವಣೆಗಳಲ್ಲಿ ಪಾರ್ಕಿಂಗ್ ಜಗಳ ಹೊಸದಲ್ಲ. ಗೇಟಿನ ಎದುರು ಹೂಕುಂಡ, ಕಲ್ಲು, ಸರಪಳಿ ಇಟ್ಟು 'ಇದು ನಮ್ಮ ಜಾಗ' ಎನ್ನುವವರಿದ್ದಾರೆ. ಕಾನೂನು ಇದನ್ನು ಒಪ್ಪುತ್ತದೆಯೇ? ಇಲ್ಲಿದೆ ಮಾಹಿತಿ.

ರಸ್ತೆ ಯಾರ ಸುಪರ್ದಿಯಲ್ಲಿದೆ?
1955ರ ಹೈದರಾಬಾದ್ ಪಾಲಿಕೆ ಕಾಯ್ದೆಯ ಪ್ರಕಾರ ಸಾರ್ವಜನಿಕ ರಸ್ತೆಗಳು ಪಾಲಿಕೆಯ ಸುಪರ್ದಿಯಲ್ಲಿವೆ. ಫುಟ್‌ಪಾತ್, ಚರಂಡಿಯೂ ರಸ್ತೆಯ ಭಾಗವೇ. ಕ್ರಯಪತ್ರದ ಚೆಕ್ಕುಬಂದಿಯಲ್ಲಿ 'ಪೂರ್ವಕ್ಕೆ ರಸ್ತೆ' ಎಂದಿದ್ದರೆ ಮಾಲೀಕತ್ವ ಅಲ್ಲಿಗೇ ಮುಗಿಯುತ್ತದೆ. ಖಾಸಗಿ ಉದ್ದೇಶಕ್ಕೆ ಫುಟ್‌ಪಾತ್ ಆಕ್ರಮಿಸುವ ಹಕ್ಕು ಯಾರಿಗೂ ಇಲ್ಲ ಎಂದು ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ (1985) ಸುಪ್ರೀಂ ಕೋರ್ಟ್ ಹೇಳಿದೆ. ರಸ್ತೆಗೆ ಚಾಚಿದ ರ‍್ಯಾಂಪ್, ಮೆಟ್ಟಿಲುಗಳನ್ನು ಪಾಲಿಕೆ ತೆರವುಗೊಳಿಸಬಹುದು. ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 285ರಡಿ 5,000 ರೂ.ವರೆಗೆ ದಂಡವಿದೆ.

ಹಾಗಾದರೆ ಮಾಲೀಕರ ಹಕ್ಕೇನು?
ತನ್ನ ಜಾಗದಿಂದ ರಸ್ತೆಗೆ ಹೋಗಿಬರುವ ಹಕ್ಕು ಮಾಲೀಕರಿಗಿದೆ. ಗೇಟಿಗೆ ಅಡ್ಡವಾಗಿ ಯಾರಾದರೂ ಕಾರು ನಿಲ್ಲಿಸಿದರೆ ಟ್ರಾಫಿಕ್ ಪೊಲೀಸರಿಗೆ ದೂರು ಕೊಡಬಹುದು. ಅಡ್ಡಿಯಾಗುವ ವಾಹನವನ್ನು ಎಳೆದೊಯ್ಯಲು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 127 ಅವಕಾಶ ನೀಡುತ್ತದೆ. ಆದರೆ ಗೇಟಿನ ಪಕ್ಕದಲ್ಲಿ, ದಾರಿ ಬಿಟ್ಟು ನಿಲ್ಲಿಸಿದ ವಾಹನವನ್ನು 'ನಮ್ಮ ಮನೆ ಮುಂದೆ' ಎಂಬ ಒಂದೇ ಕಾರಣಕ್ಕೆ ತೆಗೆಸಲಾಗದು. ಸ್ವಂತವಾಗಿ ಹಾಕಿದ 'ನೋ ಪಾರ್ಕಿಂಗ್' ಬೋರ್ಡ್ ಬರೀ ಕೋರಿಕೆಯಷ್ಟೇ.

ಪಾಲಿಕೆಗೂ ಮಿತಿ ಇದೆ
ಸುಪರ್ದಿ ಇದೆಯೆಂದು ಪಾಲಿಕೆಯೂ ಮನಬಂದಂತೆ ನಡೆಯುವಂತಿಲ್ಲ. ಉತ್ತರ ಭಾರತದ ಮಂಗ್ಲೌರ್ ಪುರಸಭೆ ರಸ್ತೆ ಬದಿಯ ಜಾಗದಲ್ಲಿ ಗಾಂಧಿ ಪ್ರತಿಮೆಗೆ ಕೋಣೆ, ಕುಡಿಯುವ ನೀರಿನ ಅರವಟಿಗೆ, ಗ್ರಂಥಾಲಯ ಕಟ್ಟಲು ಹೊರಟಾಗ, ಪಕ್ಕದ ಜಾಗದ ಮಾಲೀಕರ ಪರವಾಗಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ರಸ್ತೆಯಾಗಿ ಬಳಸಲು, ನಿರ್ವಹಿಸಲು ಬೇಕಾದಷ್ಟು ಅಧಿಕಾರ ಮಾತ್ರ ಪುರಸಭೆಗಿದೆ, ಕೆಳಗಿನ ಮಣ್ಣಿನ ಒಡೆತನ ಅದಕ್ಕೆ ಸೇರದು ಎಂಬುದು ಅದರ ಸಾರ.

ರಸ್ತೆ ಅಗಲೀಕರಣಕ್ಕೂ ಇದು ಮುಖ್ಯ. ಕಾಂಪೌಂಡ್ ಒಳಗಿನ ಪಟ್ಟಾ ಜಾಗವನ್ನು ಕಾನೂನು ಪ್ರಕ್ರಿಯೆ ಇಲ್ಲದೆ ಕಸಿಯುವಂತಿಲ್ಲ ಎನ್ನುತ್ತದೆ ಸಂವಿಧಾನದ 300ಎ ವಿಧಿ. ಒತ್ತುವರಿ ಮಾಡಿದ ಜಾಗಕ್ಕೆ ಈ ರಕ್ಷಣೆ ಸಿಗದು. ಆದ್ದರಿಂದ ನೋಟಿಸ್ ಬಂದರೆ ಮೊದಲು ಕ್ರಯಪತ್ರ, ಮಂಜೂರಾದ ನಕ್ಷೆ ತೆಗೆದು ಅಳತೆ ಹೋಲಿಸಿ, ನಂತರ ಲಿಖಿತ ಉತ್ತರ ಕೊಡಿ.