ಸ್ಫಟಿಕ

ಸ್ಫಟಿಕವು ಬೆಣಚುಕಲ್ಲಿನ ಬಣ್ಣವಿಲ್ಲದ, ಪಾರದರ್ಶಕ ಬಗೆ. ಸಿಲಿಕಾನ್ ಡೈಆಕ್ಸೈಡ್‌ನಿಂದಾದ ಖನಿಜ. ಸಿಲಿಕಾ ಕರಗಿದ ಬಿಸಿನೀರು ಬಂಡೆಯ ಬಿರುಕುಗಳಲ್ಲಿ ತಣಿದಾಗ ಆರು ಬದಿಯ ಹರಳಾಗಿ ಬೆಳೆಯುತ್ತದೆ. ಮೋಸ್ ಮಾನದಲ್ಲಿ ಇದರ ಗಡಸುತನ 7, ಸಾಪೇಕ್ಷ ಸಾಂದ್ರತೆ 2.65, ಗಾಜನ್ನು ಗೀರುತ್ತದೆ, ಒಡೆದಾಗ ಚಿಪ್ಪಿನಂತೆ ಬಾಗಿದ ಮೇಲ್ಮೈ ಕಾಣುತ್ತದೆ. ಹೊಳಪಷ್ಟನ್ನೇ ನೋಡಿ ಇದನ್ನು ಗುರುತಿಸಲಾಗದು. ಉದಾಹರಣೆಗೆ, ದಾಂಡೇಲಿ ಸಮೀಪದ ಕವಳಾ ಗುಹೆಯಲ್ಲಿ ಶಿವರಾತ್ರಿಯಂದು ಪೂಜೆಗೊಳ್ಳುವ ಲಿಂಗ ಸ್ಫಟಿಕದ್ದಲ್ಲ, ಸುಣ್ಣಕಲ್ಲಿನ ನೀರು ತೊಟ್ಟಿಕ್ಕಿ ಬೆಳೆದದ್ದು. ಸುಣ್ಣಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟ್‌ನ ಗಡಸುತನ 3, ಅದು ಆಮ್ಲ ತಾಗಿದರೆ ನೊರೆಯುತ್ತದೆ. ಸ್ಫಟಿಕ ಹಾಗೆ ನೊರೆಯುವುದಿಲ್ಲ.

ನಿರ್ಮಲತೆಯ ಕುರುಹಾಗಿ ಸ್ಫಟಿಕಕ್ಕೆ ಹಲವು ಪರಂಪರೆಗಳಲ್ಲಿ ಮನ್ನಣೆಯಿದೆ. ಶೃಂಗೇರಿ ಪೀಠದ ಚಂದ್ರಮೌಳೀಶ್ವರ ಸ್ಫಟಿಕಲಿಂಗ; 1966ರಲ್ಲಿ ಮುಂಡಗೋಡಿನಲ್ಲಿ ನೆಲೆಗೊಂಡ ಟಿಬೆಟನ್ನರ ಬೌದ್ಧ ಪರಂಪರೆಯಲ್ಲಿ 108 ಮಣಿಗಳ ಜಪಮಾಲೆಗೆ ಬಳಸುವ ವಸ್ತುಗಳಲ್ಲಿ ಸ್ಫಟಿಕವೂ ಒಂದು. ಸ್ಫಟಿಕ ರೋಗ ಗುಣಪಡಿಸುತ್ತದೆಂಬ ನಂಬಿಕೆಗೆ ವೈದ್ಯಕೀಯ ಪುರಾವೆಯಿಲ್ಲ. ಒತ್ತಿದಾಗ ಸ್ಫಟಿಕದಲ್ಲಿ ವಿದ್ಯುದಾವೇಶ ಹುಟ್ಟುತ್ತದೆ, ಆದ್ದರಿಂದ ಅದರಲ್ಲಿ ಶಕ್ತಿಯಿದೆ ಎಂಬ ವಾದವುಂಟು. ಕ್ಯೂರಿ ಸಹೋದರರು 1880ರಲ್ಲಿ ತೋರಿಸಿದ ಈ ಗುಣ ನಿಜ. ಕ್ವಾರ್ಟ್ಜ್ ಕೈಗಡಿಯಾರಗಳು ಸಮಯ ಕಾಯ್ದುಕೊಳ್ಳುವುದೂ ಇದರಿಂದಲೇ. ಆದರೆ ಆವೇಶ ಹುಟ್ಟಲು ಹೊರಗಿನ ಒತ್ತಡ ಬೇಕು. ಅದು ಕಲ್ಲಿನಲ್ಲಿ ಕೂಡಿಟ್ಟ ಶಕ್ತಿಯಲ್ಲ, ಚಿಕಿತ್ಸೆಗೆ ಆಧಾರವೂ ಅಲ್ಲ. ಭಕ್ತಿಯ ಬೆಲೆ ಇದರಿಂದ ಕುಗ್ಗುವುದಿಲ್ಲ, ಏಕೆಂದರೆ ಅದು ಸಂಕೇತವನ್ನು ನೆಚ್ಚಿದೆ.

ಉಗುರುಬೆಚ್ಚಗಿನ ಸಾಬೂನು ನೀರು, ಮೆತ್ತನೆಯ ಬಟ್ಟೆ ಸ್ಫಟಿಕದ ಶುಚಿಗೆ ಸಾಕು. ಹಠಾತ್ ಬಿಸಿಗೆ ಬಿರುಕು ಬಿಡಬಹುದು. ಸ್ಫಟಿಕದ ಗೋಳ ಬಿಸಿಲನ್ನು ಒಂದೆಡೆ ಕೇಂದ್ರೀಕರಿಸಿ ಬೆಂಕಿ ಹೊತ್ತಿಸಬಲ್ಲದು. ಆದ್ದರಿಂದ ಅದನ್ನು ನೇರ ಬಿಸಿಲಿನಲ್ಲಿ ಇಡಬಾರದು.