ಮಂಗೋಲಿಯಾದಲ್ಲಿ ಕೋಳಿಮರಿಯ ಲಿವರ್ ನೋಡಿ ಮದುವೆ ದಿನ ಗೊತ್ತುಮಾಡುತ್ತಾರೆಯೇ?

ಮಂಗೋಲಿಯಾದಲ್ಲಿ ಮದುವೆಯಾಗುವ ಹುಡುಗ, ಹುಡುಗಿ ಇಬ್ಬರೂ ಒಂದೇ ಚಾಕು ಹಿಡಿದು ಕೋಳಿಮರಿ ಕೊಯ್ಯಬೇಕಂತೆ. ಅದರ ಲಿವರ್ ಚೆನ್ನಾಗಿದ್ದರೆ ಮಾತ್ರ ಮದುವೆ ದಿನ ನಿಗದಿಯಂತೆ. ಇಲ್ಲದಿದ್ದರೆ ಒಳ್ಳೆಯ ಲಿವರ್ ಸಿಗುವವರೆಗೂ ಮರಿಗಳನ್ನು ಕೊಯ್ಯುತ್ತಲೇ ಇರಬೇಕಂತೆ. ಜಗತ್ತಿನ ವಿಚಿತ್ರ ಮದುವೆಗಳ ಬಗ್ಗೆ ಬರುವ ಫಾರ್ವರ್ಡ್‌ಗಳಲ್ಲಿ ಈ ಮಾತು ನಿಮ್ಮ ಕಣ್ಣಿಗೂ ಬಿದ್ದಿರಬಹುದು. ಅಲ್ಲಿ ಹುಡುಗಿಯನ್ನು ಹೊತ್ತೊಯ್ದು ಮದುವೆಯಾಗುತ್ತಾರೆ ಎಂಬ ಮಾತೂ ಕೆಲವೊಮ್ಮೆ ಜೊತೆಗಿರುತ್ತದೆ. ಇದರಲ್ಲಿ ನಿಜ ಎಷ್ಟು? ನೋಡೋಣ.

ಕೋಳಿಮರಿ ಎಲ್ಲಿಂದ ಬಂತು?

ಈ ಮಾತಿನ ಜಾಡು ಹಿಡಿದು ಹೋದರೆ ಸಿಗುವುದು ದೌರ್ ಎಂಬ ಸಮುದಾಯದ ಹೆಸರು. ಇಂಗ್ಲಿಷ್ ಜಾಲತಾಣಗಳ ಪಟ್ಟಿಗಳಲ್ಲಿ ಈ ಆಚರಣೆಯನ್ನು ಹೇಳುವುದು ಅವರ ಹೆಸರಿನಲ್ಲಿಯೇ. ದೌರ್ ಜನ ಮುಖ್ಯವಾಗಿ ಇರುವುದು ಚೀನಾದ ಇನ್ನರ್ ಮಂಗೋಲಿಯಾ ಪ್ರಾಂತ್ಯದಲ್ಲಿ ಮತ್ತು ಅದರ ಪಕ್ಕದ ಹೆಯ್‌ಲಾಂಗ್‌ಜಿಯಾಂಗ್‌ನಲ್ಲಿ. ಸಂಖ್ಯೆ ಸುಮಾರು 1.3 ಲಕ್ಷ. ಅವರ ಭಾಷೆ ಮಂಗೋಲ್ ಭಾಷೆಯ ಬಳಗಕ್ಕೆ ಸೇರಿದ್ದು ನಿಜ. ಆದರೆ ಅವರದೇ ಬೇರೆ ಸಮುದಾಯ. ಮಂಗೋಲಿಯಾ ಎಂಬ ಸ್ವತಂತ್ರ ದೇಶವೂ ಬೇರೆ. ಪ್ರಾಂತ್ಯದ ಹೆಸರಿನಿಂದ ಒಂದು ಪದ ಉದುರಿತು, ಪಕ್ಕದ ದೇಶದ ತಲೆಗೆ ಕೋಳಿಮರಿಯ ಕಥೆ ಬಂದು ಕೂತಿತು.

ಇನ್ನೊಂದು ಸಂಗತಿ ಗಮನಿಸಿ. ಮಂಗೋಲಿಯಾದ ಅಲೆಮಾರಿ ಕುರಿಗಾಹಿಗಳ ಬದುಕು ನಿಂತಿರುವುದು ಐದು ಪ್ರಾಣಿಗಳ ಮೇಲೆ: ಕುದುರೆ, ಒಂಟೆ, ದನ (ಯಾಕ್ ಸೇರಿ), ಕುರಿ ಮತ್ತು ಮೇಕೆ. ಇವನ್ನು ಅವರು ‘ಐದು ಮೂತಿಗಳು’ ಎನ್ನುತ್ತಾರೆ. ಆ ಪಟ್ಟಿಯಲ್ಲಿ ಕೋಳಿಯೇ ಇಲ್ಲ.

ಹಾಗಾದರೆ ದಿನ ನೋಡುವವರು ಯಾರು?

ಬೌದ್ಧ ಲಾಮಾಗಳು. ಚಾಂದ್ರಮಾನ ಪಂಚಾಂಗ ನೋಡಿ, ಹುಡುಗ ಹುಡುಗಿ ಹುಟ್ಟಿದ ವರ್ಷ ಲೆಕ್ಕಹಾಕಿ ಒಳ್ಳೆಯ ದಿನ ಹೇಳುತ್ತಾರೆ. ನಮ್ಮಲ್ಲಿ ಮುಹೂರ್ತ ಇಡಿಸಿದ ಹಾಗೆಯೇ.

ಸಂಬಂಧ ನೋಡುವಾಗಲೂ ನಮಗೆ ಪರಿಚಿತವಾದ ಒಂದು ನಿಯಮವಿದೆ. ತಂದೆಯ ಕಡೆಯ ವಂಶವನ್ನು ಅವರು ‘ಎಲುಬು’ ಎಂದು ಕರೆಯುತ್ತಾರೆ. ಒಂದೇ ಎಲುಬಿನವರು ಮದುವೆಯಾಗುವಂತಿಲ್ಲ. ನಮ್ಮ ಗೋತ್ರ, ಬಳಿ, ಬೆಡಗುಗಳ ನಿಯಮವೂ ಇಂಥದ್ದೇ. ಹೆಣ್ಣು ಕೇಳಲು ಹೋಗುವ ಗಂಡಿನ ಕಡೆಯವರು ‘ಖದಗ್’ ಎಂಬ ನೀಲಿ ರೇಷ್ಮೆ ವಸ್ತ್ರ ಒಯ್ಯುತ್ತಾರೆ. ಹೆಣ್ಣಿನ ಮನೆಯವರು ಅದನ್ನು ಸ್ವೀಕರಿಸಿದರೆ ಒಪ್ಪಿದಂತೆ.

ಹೊಸ ಮನೆ, ಹೊಸ ಒಲೆ

ಮಂಗೋಲ್ ಮದುವೆಯ ತಿರುಳು ಇರುವುದು ಇಲ್ಲಿ. ಅವರ ವಾಸ ‘ಗೆರ್’ ಎಂಬ ಗುಂಡಗಿನ ಮನೆಯಲ್ಲಿ. ಮರದ ಚೌಕಟ್ಟಿನ ಮೇಲೆ ಕುರಿ ಉಣ್ಣೆಯ ದಪ್ಪ ಹೊದಿಕೆ ಹಾಕಿ ಕಟ್ಟುತ್ತಾರೆ, ಬೇಕಾದಾಗ ಬಿಚ್ಚಿ ಒಯ್ಯುತ್ತಾರೆ. ಸಂಪ್ರದಾಯದಂತೆ ಹೊಸ ಜೋಡಿಗೆ ಗೆರ್ ಕಟ್ಟಿಕೊಡುವುದು ಗಂಡಿನ ಮನೆಯವರು. ಒಳಗಿನ ಸಾಮಾನು ಸರಂಜಾಮು ಹೆಣ್ಣಿನ ತವರಿನಿಂದ. ಜಾನುವಾರುಗಳ ಪಾಲೂ ಆಗಲೇ ಸಿಗುತ್ತದೆ. ಹಳೆಯ ಪದ್ಧತಿಯಲ್ಲಿ ದೊಡ್ಡ ಮಕ್ಕಳು ಮದುವೆಯಾದಂತೆ ಪಾಲು ಪಡೆದು ಬೇರೆಯಾದರೆ, ತಂದೆಯ ಒಲೆ ಉಳಿಯುತ್ತಿದ್ದುದು ಕಿರಿಯ ಮಗನಿಗೆ.

ಹೊಸ ಗೆರ್‌ನ ಒಲೆಗೆ ಮೊದಲ ಬೆಂಕಿ ಬರುವುದು ಗಂಡಿನ ತಂದೆತಾಯಿಯ ಒಲೆಯಿಂದ. ಮದುಮಗಳು ಅದರ ಮೇಲೆ ಹಾಲು ಮತ್ತು ಉಪ್ಪು ಹಾಕಿದ ಚಹಾ ಕಾಯಿಸಿ ಬಂದವರಿಗೆಲ್ಲ ಕೊಡುತ್ತಾಳೆ. ಗೃಹಪ್ರವೇಶದ ದಿನ ಹಾಲು ಉಕ್ಕಿಸುವ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಊಟಕ್ಕೆ ಇಡಿಯಾಗಿ ಬೇಯಿಸಿದ ಕುರಿಯ ಬೆನ್ನಿನ ಭಾಗ, ಕುಡಿಯಲು ಹುಳಿ ಬರಿಸಿದ ಕುದುರೆ ಹಾಲು ‘ಐರಗ್’, ಕೇಳಲು ‘ಉರ್ತಿನ್ ದೂ’ ಎಂಬ ದೀರ್ಘ ರಾಗದ ಹಾಡು. ಈ ಹಾಡುಗಾರಿಕೆಯನ್ನು 2008ರಲ್ಲಿ, ಗೆರ್ ಕಟ್ಟುವ ಕಲೆಯನ್ನು 2013ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಪಾಲಿಗೆ ಬಂದ ಜಾನುವಾರು ಬರೀ ಉಡುಗೊರೆಯಲ್ಲ, ಅದೇ ಹೊಸ ಸಂಸಾರದ ಜೀವನಾಧಾರ. 2009–10ರ ಭೀಕರ ಚಳಿಗಾಲದಲ್ಲಿ ಮಂಗೋಲಿಯಾದಲ್ಲಿ 80 ಲಕ್ಷಕ್ಕೂ ಹೆಚ್ಚು ಜಾನುವಾರು ಸತ್ತವು. ಎಷ್ಟೋ ಕುಟುಂಬಗಳು ಬರಿಗೈಯಲ್ಲಿ ರಾಜಧಾನಿ ಉಲಾನ್‌ಬಾತರ್‌ಗೆ ಬಂದು ನೆಲೆಸಿದವು.

ಹುಡುಗಿಯನ್ನು ಹೊತ್ತೊಯ್ಯುತ್ತಾರೆಯೇ?

12ನೇ ಶತಮಾನದಲ್ಲಿ ಹಾಗೆ ನಡೆದದ್ದುಂಟು. 13ನೇ ಶತಮಾನದ ‘ಮಂಗೋಲರ ರಹಸ್ಯ ಇತಿಹಾಸ’ ಕೃತಿಯ ಪ್ರಕಾರ ಚಂಗೀಸ್ ಖಾನನ ತಾಯಿ ಹೊಎಲುನ್‌ಳನ್ನು ಅವನ ತಂದೆ ಹೊತ್ತು ತಂದಿದ್ದ. ಆದರೆ ಮಗನಿಗೆ ಅದೇ ತಂದೆ ಹೆಣ್ಣು ಕೇಳಿಯೇ ಸಂಬಂಧ ಮಾಡಿದ. ಆಗ ಹುಡುಗನಿಗೆ 9 ವರ್ಷ, ಹುಡುಗಿ ಬೋರ್ತೆಗೆ 10. ಮುಂದೆ ಮದುವೆಯಾಗಿ ಬಂದಾಗ ಬೋರ್ತೆಯ ತವರಿನಿಂದ ಅತ್ತೆಗೆ ಕಪ್ಪು ಸೇಬಲ್ ತುಪ್ಪಳದ ಕೋಟು ಬಂತು. ಆ ಕೋಟನ್ನು ಪ್ರಬಲ ನಾಯಕ ತೊಗ್ರುಲ್‌ಗೆ ಒಪ್ಪಿಸಿ ಅವನು ಬೆಂಬಲ ಗಳಿಸಿದ. ಮುಂದೆ ಶತ್ರುಗಳು ಬೋರ್ತೆಯನ್ನೇ ಹೊತ್ತೊಯ್ದಾಗ ಅವಳನ್ನು ಬಿಡಿಸಿ ತರಲು ಅದೇ ತೊಗ್ರುಲ್ ನೆರವಾದ.

ಇದು 800 ವರ್ಷದ ಹಿಂದಿನ ಮಾತು. ಇಂದು ಹುಡುಗಿಯನ್ನು ಎತ್ತಿಕೊಂಡು ಹೋಗುವ ಘಟನೆಗಳು ವರದಿಯಾಗುತ್ತಿರುವುದು ಮುಖ್ಯವಾಗಿ ಕಿರ್ಗಿಸ್ತಾನದಿಂದ. ಅಲ್ಲೂ ಅದು ಅಪರಾಧ. ಮಂಗೋಲಿಯಾದ ಕಾನೂನಿನಲ್ಲಿ ಮದುವೆಗೆ 18 ವರ್ಷ ತುಂಬಿರಬೇಕು, ಇಬ್ಬರ ಒಪ್ಪಿಗೆಯೂ ಬೇಕು.

ಈಗ ಹೇಗಿದೆ?

ಉಲಾನ್‌ಬಾತರ್‌ನಲ್ಲಿ ಸಮಾಜವಾದಿ ಆಡಳಿತದ ಕಾಲದಲ್ಲಿ ಕಟ್ಟಿದ ‘ಮದುವೆ ಅರಮನೆ’ ಇದೆ. ಒಳ್ಳೆಯ ದಿನ ಬಂದರೆ ಅಲ್ಲಿ ಜೋಡಿಗಳ ಸಾಲು. ಕೆಲವರು ಬಿಳಿ ಗೌನು ಮತ್ತು ಸೂಟು ತೊಟ್ಟರೆ, ಕೆಲವರು ‘ದೇಲ್’ ಎಂಬ ಸಾಂಪ್ರದಾಯಿಕ ನಿಲುವಂಗಿ ತೊಡುತ್ತಾರೆ. ಆಮೇಲೆ ಸುಖ್‌ಬಾತರ್ ಚೌಕದಲ್ಲಿ ಚಂಗೀಸ್ ಖಾನನ ಪ್ರತಿಮೆಯ ಮುಂದೆ ಫೋಟೊ.

ನಮ್ಮ ನಿರ್ಣಯ

ಕೋಳಿಮರಿಯ ಲಿವರ್ ನೋಡುವುದು ಮಂಗೋಲಿಯಾದ ಮದುವೆ ಪದ್ಧತಿ ಎಂಬುದು ತಪ್ಪು. ಚೀನಾದ ಒಂದು ಸಣ್ಣ ಸಮುದಾಯದ ಹೆಸರಿನಲ್ಲಿ ಹೇಳುವ ಸಂಗತಿಯನ್ನು ಸುಮಾರು 35 ಲಕ್ಷ ಜನರ ದೇಶಕ್ಕೆ ಅಂಟಿಸಲಾಗಿದೆ. ನಮ್ಮ ಯಾವುದೋ ಒಂದು ಊರಿನ ಆಚರಣೆ ತೋರಿಸಿ ಭಾರತದವರೆಲ್ಲ ಹೀಗೇ ಎಂದರೆ ನಮಗೆ ಹೇಗನಿಸುತ್ತದೆ? ಮುಂದಿನ ಸಲ ಇಂಥದ್ದು ಬಂದಾಗ ಫಾರ್ವರ್ಡ್ ಒತ್ತುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ: ಇದು ಯಾವ ಊರಿನ, ಯಾವ ಜನರ ಮಾತು? ಅವರ ದಿನನಿತ್ಯದ ಬದುಕಿಗೆ ಇದು ಹೊಂದುತ್ತದೆಯೇ?