ಯಾವುದು ಯಾವುದಕ್ಕೆ ಕಾಯಬೇಕು?

ಯಮುನೆಯ ಪೂರ್ವ ದಂಡೆಯ ಲಕ್ಷ್ಮೀ ನಗರದಲ್ಲಿ ಮೆಟ್ರೋದಿಂದ ಇಳಿದರೆ ಮೊದಲು ಕಣ್ಣಿಗೆ ಬೀಳುವುದು ಕೋಚಿಂಗ್ ಕೇಂದ್ರಗಳ ಫಲಕಗಳು. ಸಿಎ ಪರೀಕ್ಷೆಗೆ ಓದುವವರ ಊರೇ ಇದು. ಕಿರಿದಾದ ಮೆಟ್ಟಿಲು, ಮಹಡಿ ಮೇಲೆ ಮಹಡಿ, ಒಂದೊಂದು ಕೋಣೆಯಲ್ಲೂ ತುಂಬಿದ ಬೆಂಚುಗಳು. ಇಲ್ಲಿ ಕಾಸ್ಟಿಂಗ್ ವಿಷಯ ಓದಿದ ತಲೆಮಾರುಗಳ ಹುಡುಗ ಹುಡುಗಿಯರು ಒಂದು ಬಗೆಯ ಲೆಕ್ಕವನ್ನು ನೂರಾರು ಸಲ ಬಿಡಿಸಿದ್ದಾರೆ. ಪುಟದ ತುಂಬ ಸಣ್ಣ ಸಣ್ಣ ವೃತ್ತಗಳು, ಅವುಗಳನ್ನು ಜೋಡಿಸುವ ಬಾಣಗಳು, ಪ್ರತಿ ಬಾಣದ ಮೇಲೂ ಎಷ್ಟು ದಿನ ಎಂಬ ಅಂಕಿ. ಪರ್ಟ್ ಮತ್ತು ಸಿಪಿಎಂ ಎಂದು ಅದರ ಹೆಸರು.

ಆ ಲೆಕ್ಕ ಬಿಡಿಸುವ ಕೋಣೆಗಳ ಹತ್ತಿರದಲ್ಲೇ, ವಿಕಾಸ್ ಮಾರ್ಗದ ಕಂಬಗಳ ಮೇಲೆ, ನೀಲಿ ಮಾರ್ಗದ ರೈಲು ಓಡುತ್ತದೆ. ಪುಸ್ತಕದ ಬಾಣಗಳು ಕಾಂಕ್ರೀಟಾಗಿ ನಿಂತದ್ದನ್ನು ನೋಡಬೇಕಾದರೆ ಕಿಟಕಿಯಿಂದ ಇಣುಕಿದರೆ ಸಾಕು. ಈ ಬಾಣಚಿತ್ರ ಎಲ್ಲಿಂದ ಬಂತು, ಅದು ಏನನ್ನು ತೋರಿಸುತ್ತದೆ, ಏನನ್ನು ತೋರಿಸುವುದಿಲ್ಲ ಎಂಬುದೇ ಈ ಬರಹದ ವಿಷಯ.

ಮೊದಲು ಅಡುಗೆಮನೆಗೆ ಹೋಗೋಣ. ಬಿಸಿಬೇಳೆಬಾತ್ ಮಾಡಬೇಕು. ಅಕ್ಕಿ, ಬೇಳೆ ಕುಕ್ಕರಿನಲ್ಲಿ ಬೇಯಲು 30 ನಿಮಿಷ. ತರಕಾರಿ ಹೆಚ್ಚಲು 10, ಬೇಯಲು 15. ಮಸಾಲೆ ಹುರಿದು ಪುಡಿ ಮಾಡಲು 15. ಮೂರನ್ನೂ ಕೂಡಿಸಿ ಕುದಿಸಲು 10. ಎಲ್ಲವನ್ನೂ ಒಂದಾದ ಮೇಲೊಂದು ಮಾಡಿದರೆ 80 ನಿಮಿಷ. ಆದರೆ ಯಾರೂ ಹಾಗೆ ಮಾಡುವುದಿಲ್ಲ. ಕುಕ್ಕರ್ ಇಟ್ಟು ಉಳಿದದ್ದಕ್ಕೆ ಕೈ ಹಾಕುತ್ತಾರೆ. ಆಗ ಅಡುಗೆ 40 ನಿಮಿಷಕ್ಕೆ ಮುಗಿಯುತ್ತದೆ. ಕುಕ್ಕರಿನಿಂದ ಕುದಿಸುವವರೆಗಿನ ಈ 40 ನಿಮಿಷದ ದಾರಿಯೇ ಎಲ್ಲಕ್ಕಿಂತ ಉದ್ದದ್ದು. ಇದಕ್ಕೆ ಕ್ರಿಟಿಕಲ್ ಪಾತ್ ಎನ್ನುತ್ತಾರೆ, ನಾವು ನಿರ್ಣಾಯಕ ಹಾದಿ ಎನ್ನೋಣ. ಗ್ಯಾಸ್ ಸಣ್ಣಗಾಗಿ ಕುಕ್ಕರ್ 5 ನಿಮಿಷ ತಡವಾದರೆ ಊಟವೂ 5 ನಿಮಿಷ ತಡ. ಮಸಾಲೆ 10 ನಿಮಿಷ ತಡವಾದರೆ ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ, ಅದಕ್ಕೆ 15 ನಿಮಿಷದ ಬಿಡುವಿದೆ. ಪರೀಕ್ಷೆಯ ಭಾಷೆಯಲ್ಲಿ ಈ ಬಿಡುವು ಫ್ಲೋಟ್. ಆದರೆ ಮಸಾಲೆ 20 ನಿಮಿಷ ತಡವಾಯಿತೋ, ಬಿಡುವು ಮುಗಿದು ಅದೇ ನಿರ್ಣಾಯಕ ಹಾದಿಯಾಗುತ್ತದೆ. ಅಂದರೆ ಈ ಹಾದಿ ಒಮ್ಮೆ ಬರೆದಿಟ್ಟರೆ ಮುಗಿಯುವಂಥದ್ದಲ್ಲ, ಕೆಲಸದ ನಡುವೆಯೇ ಜಾಗ ಬದಲಿಸುತ್ತದೆ.

ಅಡುಗೆ ಮಾಡುವವರೆಲ್ಲರಿಗೂ ಗೊತ್ತಿದ್ದ ಈ ವಿಚಾರ ಕಾಗದದ ಮೇಲೆ ಬರಲು ಬಹಳ ಕಾಲ ಹಿಡಿಯಿತು. ಪೋಲೆಂಡಿನ ಎಂಜಿನಿಯರ್ ಕರೋಲ್ ಆದಾಮೆಟ್ಸ್ಕಿ 1896ರಲ್ಲೇ ಕೆಲಸಗಳ ಪರಸ್ಪರ ಅವಲಂಬನೆ ತೋರಿಸುವ ಒಂದು ಪಟ್ಟಿಯನ್ನು ರೂಪಿಸಿದ್ದ. ಅದು ಹೊರಜಗತ್ತಿಗೆ ತಲುಪಲಿಲ್ಲ. ಹೆಸರಾದದ್ದು ಅಮೆರಿಕದ ಹೆನ್ರಿ ಗ್ಯಾಂಟ್ 1910ರ ದಶಕದಲ್ಲಿ ಬಳಕೆಗೆ ತಂದ ಅಡ್ಡಪಟ್ಟಿಗಳ ಚಿತ್ರ. ಯಾವ ಕೆಲಸ ಯಾವಾಗ ಶುರು, ಯಾವಾಗ ಮುಕ್ತಾಯ ಎಂದು ಗ್ಯಾಂಟ್ ಚಿತ್ರ ಚೆನ್ನಾಗಿ ಹೇಳುತ್ತದೆ. ಒಂದು ತಡವಾದರೆ ಇನ್ಯಾವುದೆಲ್ಲ ತಡವಾಗುತ್ತದೆ ಎಂಬ ಪ್ರಶ್ನೆಗೆ ಮಾತ್ರ ಅದರ ಮೂಲರೂಪದಲ್ಲಿ ಉತ್ತರ ಇರಲಿಲ್ಲ.

ಆ ಉತ್ತರ ಬಂದದ್ದು ಎರಡು ಬೇರೆ ಬೇರೆ ಕಡೆಯಿಂದ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ರಾಸಾಯನಿಕ ಕಂಪನಿ ಡುಪಾಂಟ್‌ನ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಕಂಪನಿಯ ಗಣಿತಜ್ಞ ಜೇಮ್ಸ್ ಕೆಲ್ಲಿ 1957ರಲ್ಲಿ ಯೂನಿವ್ಯಾಕ್ ಕಂಪ್ಯೂಟರ್ ಬಳಸಿ ಒಂದು ವಿಧಾನ ಕಟ್ಟಿದರು. ಅದೇ ಸಿಪಿಎಂ. ಡುಪಾಂಟ್‌ನ ಲೂಯಿವಿಲ್ ಕಾರ್ಖಾನೆಯನ್ನು ದುರಸ್ತಿಗೆಂದು ನಿಲ್ಲಿಸಿದಾಗ ಸರಾಸರಿ 125 ಗಂಟೆ ಬೇಕಾಗುತ್ತಿತ್ತು. ಹೊಸ ವಿಧಾನದಿಂದ ಅದು 93 ಗಂಟೆಗೆ ಇಳಿಯಿತು. ಕೆಲಸಗಾರರು ಬೇಗ ಓಡಾಡಿದ್ದರಿಂದ ಬಂದ ಲಾಭವಲ್ಲ ಇದು. ಯಾವ ಕೆಲಸಕ್ಕೆ ಹೆಚ್ಚು ಜನ ಹಾಕಬೇಕು, ಯಾವುದಕ್ಕೆ ಹಾಕಿದರೆ ದಂಡ ಎಂಬುದು ಗೊತ್ತಾದದ್ದರಿಂದ ಬಂದದ್ದು.

ಇನ್ನೊಂದು ಕಡೆ ಅಮೆರಿಕದ ನೌಕಾಪಡೆ. ಜಲಾಂತರ್ಗಾಮಿಯಿಂದ ಹಾರಿಸುವ ಪೊಲಾರಿಸ್ ಕ್ಷಿಪಣಿಗಾಗಿ 1958ರಲ್ಲಿ ಪರ್ಟ್ ಹುಟ್ಟಿತು. ಯಾರೂ ಹಿಂದೆ ಮಾಡಿರದ ಕೆಲಸಕ್ಕೆ ಎಷ್ಟು ದಿನ ಎಂದು ಹೇಳುವುದು ಹೇಗೆ? ಅದಕ್ಕೆ ಮೂರು ಅಂದಾಜು ಕೇಳಿದರು: ಎಲ್ಲ ಸರಿಹೋದರೆ ಎಷ್ಟು, ಸಾಮಾನ್ಯವಾಗಿ ಎಷ್ಟು, ಎಲ್ಲ ಕೆಟ್ಟರೆ ಎಷ್ಟು. ನಡುವಿನದನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಬೇಕು. ಒಂದು ಸುರಂಗಕ್ಕೆ 20, 30, 70 ದಿನ ಎಂದರೆ ಲೆಕ್ಕದಲ್ಲಿ 35 ದಿನ ಬರುತ್ತದೆ. ಕೆಟ್ಟ ದಿನಗಳ ಭಯ ಸರಾಸರಿಯನ್ನು ಐದು ದಿನ ಮೇಲಕ್ಕೆ ಎಳೆಯಿತು. 1960ರ ಜುಲೈ 20ರಂದು ಮುಳುಗಿದ್ದ ಜಲಾಂತರ್ಗಾಮಿಯಿಂದ ಮೊದಲ ಪೊಲಾರಿಸ್ ಹಾರಿತು, ಪರ್ಟ್‌ನ ಕೀರ್ತಿಯೂ ಅದರ ಜೊತೆಗೇ ಹಾರಿತು. ಆದರೆ 1972ರಲ್ಲಿ ಹಾರ್ವೆ ಸಪೋಲ್ಸ್ಕಿ ಎಂಬ ವಿದ್ವಾಂಸ ಆ ಯೋಜನೆಯ ಚರಿತ್ರೆ ಬರೆದು ಬೇರೆಯೇ ಮಾತು ಹೇಳಿದ. ಪರ್ಟ್‌ನಿಂದ ಕೆಲಸಕ್ಕೆ ಆದ ಲಾಭಕ್ಕಿಂತ, ಮೇಲಿನವರು ಮೂಗು ತೂರಿಸದಂತೆ ತಡೆಯಲು ಅದರ ಹೆಸರು ಬಂದ ಉಪಯೋಗವೇ ದೊಡ್ಡದು ಎಂಬುದು ಅವನ ವಾದ. ಗೋಡೆಯ ಮೇಲಿನ ಚಿತ್ರ ನೋಡಿ ಕೆಲಸ ಹತೋಟಿಯಲ್ಲಿದೆ ಎಂದು ನಂಬುವ ಅಪಾಯ ಅಷ್ಟು ಹಳೆಯದು.

ನಮ್ಮ ಕರಾವಳಿಯವರು ನಿರ್ಣಾಯಕ ಹಾದಿಯ ಪಾಠವನ್ನು ಕೊಂಕಣ ರೈಲ್ವೆಯಲ್ಲಿ ಕಣ್ಣಾರೆ ಕಂಡಿದ್ದಾರೆ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಸಚಿವರಾಗಿದ್ದಾಗ, 1990ರಲ್ಲಿ ಅದರ ನಿಗಮ ಹುಟ್ಟಿತು. ಮುಖ್ಯಸ್ಥರು ಇ. ಶ್ರೀಧರನ್. ಸುಮಾರು 740 ಕಿ.ಮೀ. ದಾರಿ, ತೊಂಬತ್ತಕ್ಕೂ ಹೆಚ್ಚು ಸುರಂಗ, ಹತ್ತಿರ ಹತ್ತಿರ 2,000 ಸೇತುವೆ. ಎಲ್ಲವನ್ನೂ ಭಾಗ ಭಾಗ ಮಾಡಿ ಒಟ್ಟಿಗೆ ಶುರು ಮಾಡಿದರು. 1993ರ ಮಾರ್ಚ್ 20ರಂದೇ ಮಂಗಳೂರು–ಉಡುಪಿ ನಡುವೆ ರೈಲು ಓಡಿತು. ಹೊನ್ನಾವರದಲ್ಲಿ ಶರಾವತಿಗೆ ಎರಡು ಕಿ.ಮೀ.ಗೂ ಉದ್ದದ ಸೇತುವೆ ಎದ್ದಿತು. ಆದರೂ ಪೂರ್ತಿ ದಾರಿ ತೆರೆದದ್ದು 1998ರ ಜನವರಿ 26ರಂದು. ಕಾಯಿಸಿದ್ದು ಬಂಡೆ ಕೊರೆದ ಉದ್ದದ ಸುರಂಗಗಳಲ್ಲ, ಮೆದುಮಣ್ಣಿನ ಒಂಬತ್ತು ಸುರಂಗಗಳು. ನೀರು ತುಂಬಿದ ಜೇಡಿ ಅಗೆದಷ್ಟೂ ಕುಸಿಯುತ್ತಿತ್ತು, ಯಂತ್ರ ಬಿಟ್ಟು ಕೈಯಿಂದ ಅಗೆಯಬೇಕಾಯಿತು. ಉಡುಪಿಯಲ್ಲಿ ಹಳಿ ಎಷ್ಟು ಬೇಗ ಹಾಕಿದರೇನು, ಗೋವಾದ ಪೆರ್ನೆಂ ಸುರಂಗ ಮುಗಿಯದೆ ಮುಂಬೈಗೆ ರೈಲಿಲ್ಲ. ಆ ಒಂಬತ್ತು ಸುರಂಗಗಳು 19 ಜೀವ ತೆಗೆದುಕೊಂಡವು. ಇಡೀ ದಾರಿಯಲ್ಲಿ ಸತ್ತವರು 74 ಮಂದಿ.

ಕೊಂಕಣದ ನಂತರ ಶ್ರೀಧರನ್ ದೆಹಲಿ ಮೆಟ್ರೋಗೆ ಬಂದರು. ಗುರಿಗೆ ಇನ್ನೆಷ್ಟು ದಿನ ಉಳಿದಿದೆ ಎಂದು ತೋರಿಸುವ, ಹಿಂದಕ್ಕೆ ಎಣಿಸುವ ಗಡಿಯಾರಗಳು ಅಲ್ಲಿನ ಕಚೇರಿಗಳಲ್ಲಿ ಹೆಸರಾದವು. 2002ರ ಡಿಸೆಂಬರಿನಲ್ಲಿ ಶಹದರಾ–ತೀಸ್ ಹಜಾರಿ ನಡುವೆ ಮೊದಲ ರೈಲು ಓಡಿತು. 65 ಕಿ.ಮೀ.ಗಳ ಮೊದಲ ಹಂತ 2006ರ ನವೆಂಬರಿನಲ್ಲಿ, ನಿಗದಿಗಿಂತ ಮೊದಲೇ ಮುಗಿಯಿತು. ಸರ್ಕಾರಿ ಕೆಲಸ ಎಂದರೆ ತಡ ಎಂದು ನಂಬಿದ್ದ ದೇಶಕ್ಕೆ ಅದು ಅಚ್ಚರಿ.

ಎತ್ತರಿಸಿದ ಮಾರ್ಗ ಕಟ್ಟುವ ರೀತಿಯಲ್ಲೇ ಬಾಣಚಿತ್ರ ಅಡಗಿದೆ. ರಸ್ತೆಯಲ್ಲಿ ಪಾಯ, ಕಂಬ ಏಳುತ್ತಿರುವಾಗ ಬೇರೊಂದು ಬಯಲಿನಲ್ಲಿ ಸೇತುವೆಯ ತುಂಡುಗಳನ್ನು ಎರಕ ಹೊಯ್ಯುತ್ತಾರೆ. ಕಂಬ ಗಟ್ಟಿಯಾಗುವುದಕ್ಕೂ ತುಂಡುಗಳು ಸಿದ್ಧವಾಗುವುದಕ್ಕೂ ಕಾಯುವ ಸಮಯ ಒಟ್ಟಿಗೇ ಕಳೆಯುತ್ತದೆ. ಆದರೆ ತುಂಡುಗಳನ್ನು ಮೇಲೇರಿಸುವ ಲಾಂಚಿಂಗ್ ಗರ್ಡರ್ ಎಂಬ ದೈತ್ಯ ಯಂತ್ರ ಒಂದು ಅಂಕಣ ಮುಗಿಸಿಯೇ ಮುಂದಿನದಕ್ಕೆ ಹೋಗಬೇಕು. ಅದು ಒಂದು ಕಡೆ ನಿಂತರೆ ಮುಂದಿನ ಕಂಬಗಳೆಲ್ಲ ಬರಿದೇ ನಿಲ್ಲುತ್ತವೆ. ಹಾಗಾಗಿ ಆ ಯಂತ್ರದ ದಾರಿಯೇ ಬಹಳ ಸಲ ನಿರ್ಣಾಯಕ ಹಾದಿ.

2010ರ ಅಕ್ಟೋಬರಿನ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಮೊದಲು ಎರಡನೇ ಹಂತ ಮುಗಿಯಬೇಕಿತ್ತು. ಅದಕ್ಕೆ ಎರಡು ವರ್ಷ ಇರುವಾಗ, 2008ರ ಅಕ್ಟೋಬರ್ 19ರ ಭಾನುವಾರ, ಲಕ್ಷ್ಮೀ ನಗರದಲ್ಲಿ ಸುಮಾರು 400 ಟನ್ ತೂಕದ ಅಂಕಣವನ್ನು ಮೇಲೆತ್ತುತ್ತಿದ್ದರು. ಯಂತ್ರ ಕುಸಿಯಿತು. 34 ಮೀಟರ್ ಉದ್ದದ ಕಾಂಕ್ರೀಟ್ ಕೆಳಗಿನ ರಸ್ತೆಗೆ, ಹಾದುಹೋಗುತ್ತಿದ್ದ ಬಸ್ಸಿನ ಮೇಲೆ ಬಿತ್ತು. ಬಸ್ಸಿನ ಚಾಲಕನೂ ಒಬ್ಬ ಕಾರ್ಮಿಕನೂ ಸತ್ತರು. ಒಂಬತ್ತು ತಿಂಗಳಿಗೆ, 2009ರ ಜುಲೈ 12ರಂದು, ಜಮ್ರೂದ್‌ಪುರದಲ್ಲಿ ಮತ್ತೊಂದು ಕುಸಿತ, ಆರು ಸಾವು. ಶ್ರೀಧರನ್ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಮುಖ್ಯಮಂತ್ರಿ ಶೀಲಾ ದೀಕ್ಷಿತ್ ಒತ್ತಾಯಿಸಿದ ಮೇಲೆ ಹಿಂದಕ್ಕೆ ಪಡೆದರು.

ಲಕ್ಷ್ಮೀ ನಗರದ ವಿದ್ಯಾರ್ಥಿಗಳು ಬಿಡಿಸುತ್ತಿದ್ದ ಲೆಕ್ಕದಲ್ಲಿ ಕೊನೆಗೆ ಒಂದು ಕಾಲಮ್ ಇರುತ್ತಿತ್ತು: ಒಂದು ದಿನ ಕಡಿಮೆ ಮಾಡಬೇಕಾದರೆ ಎಷ್ಟು ರೂಪಾಯಿ ಹೆಚ್ಚು ಖರ್ಚು? ಅತಿ ಅಗ್ಗದ ಬಾಣವನ್ನು ಮೊದಲು ಮೊಟಕು ಮಾಡಬೇಕು. ಪಠ್ಯದಲ್ಲಿ ಈ ಮೊಟಕು ಮಾಡುವಿಕೆಯ ಹೆಸರು ಕ್ರ್ಯಾಶಿಂಗ್. ಡುಪಾಂಟ್‌ನ ಕಾಲದಿಂದಲೂ ಸಿಪಿಎಂನ ಜೀವ ಇರುವುದು ಈ ಲೆಕ್ಕದಲ್ಲೇ. ಬಾಣದ ಮೇಲೆ ದಿನ ಇದೆ, ಪಕ್ಕದಲ್ಲಿ ರೂಪಾಯಿ ಇದೆ. ಅದರ ಕೆಳಗೆ ಯಾರು ನಿಂತಿದ್ದಾರೆ ಎಂಬುದಕ್ಕೆ ಮನೆ ಇಲ್ಲ.

ಹಾಗೆಂದು ಚಿತ್ರವನ್ನು ಬೈದು ಪ್ರಯೋಜನವಿಲ್ಲ. ನಾವು ಬರೆದದ್ದನ್ನು ಅದು ತೋರಿಸುತ್ತದೆ. ಯಂತ್ರದ ತಪಾಸಣೆ ಎಂಬುದನ್ನು ಹೇಗೂ ನಡುವೆ ಆಗುವ ಕೆಲಸ ಎಂದು ಬಿಟ್ಟರೆ ಅದಕ್ಕೆ ಸಮಯವೇ ಇರುವುದಿಲ್ಲ, ಅವಸರ ಬಂದಾಗ ಮೊದಲು ಮಾಯವಾಗುವುದೂ ಅದೇ. ಅದಕ್ಕೂ ಒಂದು ಬಾಣ ಎಳೆದು, ದಿನ ಕೊಟ್ಟು, ಅದು ಮುಗಿಯದೆ ಎತ್ತುವ ಕೆಲಸ ಶುರುವಾಗುವಂತಿಲ್ಲ ಎಂದು ಬರೆದರೆ, ಆಗ ಅದೂ ನಿರ್ಣಾಯಕ ಹಾದಿಯ ಮೇಲೆ ನಿಲ್ಲುತ್ತದೆ. ಮುಖ್ಯಸ್ಥರಿಂದ ಮೇಸ್ತ್ರಿಯವರೆಗೆ ಎಲ್ಲರೂ ಅದಕ್ಕೆ ಕಾಯಬೇಕಾಗುತ್ತದೆ. ರಸ್ತೆ ಮುಚ್ಚುವುದು, ಬಸ್ಸುಗಳನ್ನು ಬೇರೆ ದಾರಿಗೆ ತಿರುಗಿಸುವುದು, ಇವೂ ಹಾಗೆಯೇ. ಬಿಡುವನ್ನು ಸೋಮಾರಿತನ ಎಂದು ಕಾಣುವವರು ಈ ಚಿತ್ರವನ್ನು ಅರ್ಧವಷ್ಟೇ ಓದಿದಂತೆ. ಎಲ್ಲಿ ಅವಸರ ಬೇಡ ಎಂದು ಹೇಳುವುದು ಅದರ ಇನ್ನರ್ಧ ಕೆಲಸ.

2010ರ ಜನವರಿಯಲ್ಲಿ ಲಕ್ಷ್ಮೀ ನಗರಕ್ಕೆ ಮೆಟ್ರೋ ಬಂತು, ಕ್ರೀಡಾಕೂಟಕ್ಕೆ ಒಂಬತ್ತು ತಿಂಗಳು ಮೊದಲೇ. ಇಂದು ಆ ರೈಲಿನಲ್ಲಿ ಕೋಚಿಂಗ್‌ಗೆ ಬರುವ ಹುಡುಗರಲ್ಲಿ ಹಲವರು ಆ ಭಾನುವಾರ ಇನ್ನೂ ಕೂಸುಗಳು. ನಿಮ್ಮ ಊರಿನಲ್ಲಿ ಮೇಲ್ಸೇತುವೆ ಏಳುತ್ತಿದ್ದರೆ, ಯಾವಾಗ ಮುಗಿಯುತ್ತದೆ ಎಂದು ನಾವೆಲ್ಲ ಕೇಳುತ್ತೇವೆ. ಮುಗಿಯುವ ಮೊದಲು ಯಾವುದು ಯಾವುದಕ್ಕೆ ಕಾಯುತ್ತಿದೆ ಎಂದೂ ಒಮ್ಮೆ ಕೇಳಿ ನೋಡಿ.